ಎರಡು ಸೌಟಿನ ಸಾರು

ಇವತ್ತು ಬೆಳಿಗ್ಗೆ ದಿಬ್ಬೂರಹಳ್ಳಿಯ ನಮ್ಮ ಹುಳದ ಮನೆ ಬಾಗಿಲು ತೆಗೆದಾಗ ಹಿಪ್ಪುನೇರಳೆ ಸೊಪ್ಪಿನ ಜೊತೆ ಹಳೇ ಪೇಪರಿನ ವಾಸನೆಯೂ ಬಂತು. ರೇಷ್ಮೆ ಹುಳದ ತಟ್ಟೆಗೆ ಹಾಸುವ ಪೇಪರು ಅದು. ನಾನು ಚಿಕ್ಕವಳಿದ್ದಾಗ ತಾತ ಅದನ್ನು ಹಾಸುವ ಮೊದಲು ಅದರಲ್ಲಿನ ಅಂಕಣವನ್ನು ಜೋರಾಗಿ ಓದುತ್ತಿದ್ದರು. ಮನೆಯವರೆಲ್ಲ ಸೊಪ್ಪು ಬಿಡಿಸುತ್ತಾ ಕೇಳಬೇಕು.

ಒಂದು ದಿನ ಅಂಕಣಕಾರರು ಸಮ್ಮಿಶ್ರ ಸರ್ಕಾರದ ಬಗ್ಗೆ, "ಇಬ್ಬರು ಸೌಟು ಹಿಡಿದ ಮನೆಯಲ್ಲಿ ಸಾರು ಕೆಡುತ್ತದೆ" ಎಂದು ಬರೆದಿದ್ದರು. ಅದೇ ವಾರ ನಮ್ಮಮ್ಮ, ದೊಡ್ಡಮ್ಮ ಸಾರಿನ ಉಪ್ಪಿಗೆ ಜಗಳವಾಡಿ ಮಾತು ಬಿಟ್ಟಿದ್ದರು. ಬೇರೆ ಒಲೆ ಹೂಡುವ ಮಾತೂ ಎದ್ದಿತ್ತು.

ಅಜ್ಜಿ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. "ನಮ್ಮನೆ ವಿಷ್ಯ ಪೇಪರಿನವರಿಗೆ ಯಾರು ಹೇಳಿದ್ದು?"

"ಇದು ಸರ್ಕಾರದ ವಿಷ್ಯ ಕಣೇ," ಅಂದರು ತಾತ.

"ಸರ್ಕಾರದವರು ಸಾರು ಮಾಡ್ತಾರಾ?"

ತಾತ ಪೇಪರು ಮಡಚಿದರು. ಅಮ್ಮ ತಲೆ ಎತ್ತದೆ, "ನಾಳೆಯಿಂದ ಉಪ್ಪು ನೀವೇ ಹಾಕಿ ಅಕ್ಕಾ" ಅಂದರು. ಬೇರೆ ಒಲೆಯ ಮಾತು ಅಲ್ಲಿಗೇ ನಿಂತಿತು.

ಇವತ್ತೂ ಪೇಪರು ಹಾಸುವ ಮೊದಲು ಅಂಕಣವನ್ನು ಜೋರಾಗಿ ಓದಿದೆ. ವಿರೋಧ ಪಕ್ಷವನ್ನು ಮುನಿಸಿಕೊಂಡ ಅಳಿಯನಿಗೆ ಹೋಲಿಸಿದ್ದರು. ದೊಡ್ಡಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು.

"ಪಾಪ, ಯಾರ ಮನೆ ವಿಷ್ಯಾನೋ" ಅಂದರು.