ಗಿರಣಿ ಮಾಳಿಗೆಯ ಅಮ್ಮಿನಭಾವಿ ಸರ್

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಕಂಪ್ಯೂಟರ್ ಕಲಿಸಿದವರ ಹೆಸರು ಹೇಳಲು ಕುಳಿತರೆ ಹೊತ್ತು ಸಾಲದು. ಆದರೆ ಒಂದು ಕಂಪ್ಯೂಟರನ್ನು ಇನ್ನೊಂದರ ಜೊತೆ ಮಾತನಾಡಿಸುವ ವಿದ್ಯೆಯನ್ನು, ಅಂದರೆ ನೆಟ್‌ವರ್ಕಿಂಗನ್ನು, ಅದರ ಹೆಸರೇ ಇಲ್ಲಿ ಸರಿಯಾಗಿ ಕೇಳಿಬಾರದಿದ್ದ ಕಾಲದಲ್ಲಿ ಹಟ ಹಿಡಿದು ಕಲಿಸಿದವರು ಯಾರೆಂದು ಕೇಳಿದರೆ ನನಗಂತೂ ಒಂದೇ ಹೆಸರು ನೆನಪಾಗುತ್ತದೆ. ಅದು ಪೂಜ್ಯ ಗುರುಗಳಾದ ಶ್ರೀ ಮಾಲತೇಶ ಗುರುಶಿದ್ದಪ್ಪ ಅಮ್ಮಿನಭಾವಿ ಅವರದು. ಮೂವತ್ತಕ್ಕೂ ಹೆಚ್ಚು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಬೋಧಿಸಿ, ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಮೊದಲು ಅವರ ಶಿಷ್ಯೆಯಾಗಿ, ಆಮೇಲೆ ಅದೇ ವಿಭಾಗದಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಯಾಗಿ ಅವರನ್ನು ಹತ್ತಿರದಿಂದ ಕಂಡ ನನಗೆ ಈ ಲೇಖನ ಬರೆಯುವ ಭಾಗ್ಯ ಒದಗಿದೆ. ಗೌರವ ಹೆಚ್ಚಿರಲಿ, ತಮಾಷೆ ಕಡಿಮೆ ಇರಲಿ ಎಂದು ಈ ಅಭಿನಂದನ ಸಂಪುಟದ ಸಂಪಾದಕರು ಮೊದಲೇ ಎಚ್ಚರಿಸಿದ್ದಾರೆ. ಅಮ್ಮಿನಭಾವಿ ಸರ್ ವಿಷಯದಲ್ಲಿ ಇವೆರಡನ್ನೂ ಬೇರೆ ಮಾಡುವುದು ನನ್ನಿಂದಾಗದು ಎಂದು ನಾನೂ ಅವರಿಗೆ ಆಗಲೇ ತಿಳಿಸಿದ್ದೇನೆ.

ಎಪ್ಪತ್ತರ ದಶಕದ ನಡುವೆ ಕೆಲಸಕ್ಕೆ ಸೇರಿದಾಗ ಸರ್ ಕಲಿಸುತ್ತಿದ್ದುದು ರೇಡಿಯೊ, ವಾಲ್ವು, ಟ್ರಾನ್ಸಿಸ್ಟರುಗಳನ್ನು. ಊರಿನಲ್ಲಿ ಯಾರ ರೇಡಿಯೊ ಕೆಟ್ಟರೂ ಅದು ಕಡೆಗೆ ಬಂದು ಸೇರುತ್ತಿದ್ದುದು ಅವರ ಮೇಜಿಗೆ. ವೋಲ್ಟೇಜ್ ಇಳಿದು ಟ್ರಾನ್ಸ್‌ಫಾರ್ಮರಿನ ಸದ್ದು ಸ್ವಲ್ಪ ಬದಲಾದರೂ ಸಾಕು, ಮಾತಿನ ನಡುವೆಯೇ ಅವರ ಕೈ ಸ್ವಿಚ್ಚಿನ ಮೇಲಿರುತ್ತಿತ್ತಂತೆ. ಈ ಕೈಯ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ಕಾಲೇಜಿಗೆ ಕಂಪ್ಯೂಟರುಗಳು ಬಂದವು. ಅವುಗಳನ್ನು ಗರ್ಭಗುಡಿಯ ದೇವರಂತೆ ತಂಪು ಕೋಣೆಯಲ್ಲಿಟ್ಟು, ಚಪ್ಪಲಿ ಹೊರಗೆ ಬಿಡಿಸಿ, ವಾರಕ್ಕೊಮ್ಮೆ ನಮಗೆ ದರ್ಶನ ಕೊಡಿಸುತ್ತಿದ್ದರು. ಸರ್‌ಗೆ ಇದು ಸರಿಬರಲಿಲ್ಲ. ಲಕಮನಹಳ್ಳಿಯ ಕಾರ್ಖಾನೆಯೊಂದು ಹಳತಾಯಿತೆಂದು ತೆಗೆದುಹಾಕಿದ್ದ ರೌಟರುಗಳನ್ನು, ಅಂದರೆ ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಮಾಹಿತಿಗೆ ದಾರಿ ತೋರಿಸುವ ಪೆಟ್ಟಿಗೆಗಳನ್ನು, ಅವರು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬಂದರು. ಧಾರವಾಡದ ಸಪ್ತಾಪುರದಲ್ಲಿ ಅಹಮದಸಾಬರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಅಲ್ಲಿ ಅವನ್ನು ಜೋಡಿಸಿದರು. ಇದು ತೊಂಬತ್ತೆಂಟರ ಮಾತು.

ಆ ಕೋಣೆಯಲ್ಲಿ ನಾವು ತಯಾರಾಗುತ್ತಿದ್ದುದು ನೆಟ್‌ವರ್ಕಿಂಗಿನಲ್ಲಿ ಪರಿಣತ ಮಟ್ಟದ ಪ್ರಮಾಣಪತ್ರದ ಪರೀಕ್ಷೆಗೆ. ಅದರಲ್ಲಿ ಎರಡು ಭಾಗ. ಮೊದಲು ಲಿಖಿತ. ಅದರಲ್ಲಿ ಪಾಸಾದವರು ಗೊತ್ತಾದ ಅವಧಿಯೊಳಗೆ ಬೆಂಗಳೂರಿನ ಕೇಂದ್ರಕ್ಕೆ ಹೋಗಿ, ಇಡೀ ದಿನ ಒಂದು ಜಾಲವನ್ನು ಕೈಯಾರೆ ಕಟ್ಟಿ ತೋರಿಸಬೇಕು. ಎರಡನೆಯದರಲ್ಲಿ ಘಟಾನುಘಟಿಗಳೇ ಮಣ್ಣು ಮುಕ್ಕುತ್ತಿದ್ದರು. ಐವತ್ತರ ಹೊಸ್ತಿಲಲ್ಲಿದ್ದ ಸರ್ ನಮ್ಮನ್ನಷ್ಟೇ ತಯಾರು ಮಾಡದೆ, ತಾವೂ ನಮ್ಮ ಜೊತೆ ಕುಳಿತು ಓದುತ್ತಿದ್ದರು. ನಿಮಗೇಕೆ ಈ ವಯಸ್ಸಿನಲ್ಲಿ ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ: "ನಾ ಪಾಸಾಗದ, ಇವರಿಗೆ ಪಾಸಾಗ್ರಿ ಅಂತ ಯಾವ ಬಾಯಿಲೆ ಹೇಳ್ಲಿ?"

ಆಗ ಕರೆಂಟ್ ಯಾರಿಗೂ ಹೇಳಿ ಹೋಗುತ್ತಿರಲಿಲ್ಲ. ನಮಗೆ ಮಾತ್ರ ಗಿರಣಿ ಹೇಳುತ್ತಿತ್ತು. ಕೆಳಗೆ ಜೋಳ ಬೀಸುವ ಸದ್ದು ಎಂದಿನ ಸ್ವರದಿಂದ ಸ್ವಲ್ಪ ಇಳಿಯಿತೆಂದರೆ ಕರೆಂಟ್ ಹೊರಟಿತು ಎಂದೇ ಅರ್ಥ. ರೌಟರಿಗೆ ಹೇಳಿದ ಆಜ್ಞೆಗಳನ್ನು ಸೇವ್ ಮಾಡದಿದ್ದರೆ ಕರೆಂಟ್ ಹೋದೊಡನೆ ಅವೆಲ್ಲ ಅಳಿಸಿಹೋಗುತ್ತವೆ. ಬೆಳಗಿನಿಂದ ಕಟ್ಟಿದ್ದು ನೀರಿನಲ್ಲಿ ಹೋಮ. ಹೀಗಾಗಿ ಸದ್ದು ಇಳಿದೊಡನೆ ಸರ್ "ಸೇವ್" ಎನ್ನುವರು, ಕೋಣೆಯ ಬೆರಳುಗಳೆಲ್ಲ ಒಟ್ಟಿಗೆ ಓಡುವವು. ಕೆಲ ತಿಂಗಳಲ್ಲಿ ಅವರು ಹೇಳುವ ಅಗತ್ಯವೂ ಉಳಿಯಲಿಲ್ಲ. ಕಿವಿ ಕೇಳಿದೊಡನೆ ಬೆರಳು ಸೇವ್ ಮಾಡಿ ಮುಗಿಸಿರುತ್ತಿತ್ತು. ಇಂಥ ಚುರುಕು ದೊಡ್ಡ ಊರಿನ ಹುಡುಗರಿಗೆಲ್ಲಿ ಬರಬೇಕು ಎಂದು ನಾವು ಬೀಗುತ್ತಿದ್ದೆವು.

ನಾನು ನಮ್ಮ ಹಳ್ಳಿ ಮುಗದದಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೆ. ಆ ರೈಲು ತಡವಾದ ದಿನ ಸರ್ ಪಾಠ ಆರಂಭಿಸದೆ, ಉಳಿದವರಿಂದ ರೌಟರುಗಳ ಮೇಲೆ ಕುಳಿತ ಹಿಟ್ಟಿನ ಧೂಳು ಒರೆಸಿಸುತ್ತಿದ್ದರು. ಮಳೆಗಾಲದಲ್ಲಂತೂ ನನ್ನ ದೆಸೆಯಿಂದ ಆ ಯಂತ್ರಗಳು ಫಳಫಳ ಹೊಳೆಯುತ್ತಿದ್ದವು. ಮಗಳು ದಿನವೂ ಗಿರಣಿಯ ಮೇಲೆ ಹೋಗಿ ಏನು ಮಾಡುತ್ತಾಳೆಂದು ನೋಡಲು ಒಮ್ಮೆ ನನ್ನ ಅಪ್ಪ ದ್ಯಾಮಣ್ಣ ಹೇಳದೆ ಕೇಳದೆ ಬಂದುಬಿಟ್ಟ. ತಂತಿಗಳ ಸಿಕ್ಕನ್ನು ಬಹಳ ಹೊತ್ತು ದಿಟ್ಟಿಸಿ, "ಇದನ್ನ ಕಲ್ತು ನಮ್ಮ ರೇಣವ್ವ ಏನ್ ಮಾಡ್ತಾಳ್ರಿ?" ಎಂದು ಕೇಳಿದ. ಸರ್ ಅವನಿಗೆ ತಮ್ಮ ಕುರ್ಚಿ ಕೊಟ್ಟು ತಾವು ನಿಂತರು. "ಬಾವಿ ನೀರು ಯಾವ ಮಡಿಗೆ ಮೊದಲ ಹೋಗ್ಬೇಕು, ಯಾವುದಕ್ಕ ಆಮ್ಯಾಲ ಅಂತ ನೀವು ಮಣ್ಣು ಸರಿಸಿ ದಾರಿ ಮಾಡ್ತೀರಲ್ರಿ, ಇಲ್ಲೆ ಇಕಿ ಅದನ್ನ ಮಾಡಾಕತ್ತಾಳ. ನೀರಿನ ಬದ್ಲಿ ಸುದ್ದಿ ಹರೀತೈತಿ, ಅಷ್ಟ." ಅಪ್ಪ ತಲೆಯಾಡಿಸಿದ. ಹೋಗುವಾಗ, "ಇಕಿಗೆ ಮಣ್ಣು ಸರಿಸಾಕ ನಾನೂ ಕಲಿಸೇನ್ರಿ, ಆದ್ರ ಹೊತ್ತಿಗೆ ಸರಿಯಾಗಿ ಬರಂಗಿಲ್ಲ," ಎಂದು ದೂರು ಹೇಳಿ ಹೋದ. ನನ್ನ ಓದು ಉಳಿದದ್ದು ಅಂದು. ಅಪ್ಪನಿಗೆ ಕೊಟ್ಟ ಆ ಕುರ್ಚಿಯನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಎರಡು ಸಾವಿರದ ಒಂದರಲ್ಲಿ ಸರ್ ಲಿಖಿತ ಪರೀಕ್ಷೆ ಮುಗಿಸಿ ಬೆಂಗಳೂರಿಗೆ ಹೋದರು. ಅವರು ಪಾಸಾಗುವುದರಲ್ಲಿ ನಮ್ಮಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪೇಡೆ ಯಾರು ತರಬೇಕೆಂಬುದಷ್ಟೇ ಚರ್ಚೆಯಾಗಿತ್ತು. ಮರಳಿ ಬಂದ ದಿನವೇ ಅವರು ಕೋಣೆಗೆ ಬಂದು, ಅಂಗಿಯ ತೋಳು ಮಡಚಿ, "ಫೇಲಾಗೇನಿ. ಕೂಡ್ರಿ, ಹ್ಯಾಂಗಂತ ತೋರಸ್ತೇನಿ," ಎಂದರು.

ಅವರು ತೋರಿಸಿದ್ದು ಇದು. ಮಧ್ಯಾಹ್ನದವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಊಟವಾದ ಮೇಲೆ ಮುಖ್ಯ ರೌಟರಿನೊಳಗೆ ಯಾರು ಬರಬಹುದು, ಯಾರು ಬರಬಾರದು ಎಂಬ ನಿಯಮ ಬರೆಯುತ್ತಿದ್ದರು. ಒಂದು ಸಾಲು ತಪ್ಪಾಗಿತ್ತು. ಅದನ್ನು ಮತ್ತೊಮ್ಮೆ ಓದುವಷ್ಟರಲ್ಲಿ ಆ ಕೋಣೆಯ ಏಸಿ ಗುಂಯ್‌ಗುಡುವುದನ್ನು ನಿಲ್ಲಿಸಿತು. ಅದು ತಂಪಾದ ಮೇಲೆ ತಾನಾಗಿ ನಿಂತು ಮತ್ತೆ ಶುರುವಾಗುವ ಯಂತ್ರ. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸದ್ದು ಇಳಿದದ್ದನ್ನು ಸಪ್ತಾಪುರದ ಕಿವಿ ಕೇಳಿತು, ಸಪ್ತಾಪುರದ ಬೆರಳು ಸೇವ್ ಮಾಡಿತು. ರೌಟರಿನಿಂದ ಹೊರಬಂದು ಮತ್ತೆ ಒಳಹೋಗಲು ನೋಡಿದರೆ ಅದು ಅವರನ್ನೇ ಬಿಟ್ಟುಕೊಳ್ಳಲಿಲ್ಲ. ಸೇವ್ ಮಾಡದಿದ್ದಿದ್ದರೆ ಒಮ್ಮೆ ಆರಿಸಿ ಹಚ್ಚಿದರೆ ಸಾಕಾಗಿತ್ತು, ತಪ್ಪೂ ಅಳಿಸಿಹೋಗುತ್ತಿತ್ತು. ಸೇವ್ ಆದ ತಪ್ಪು ಮಾತ್ರ ಗಟ್ಟಿಯಾಗಿ ಕುಳಿತುಬಿಟ್ಟಿತ್ತು. ಅದನ್ನು ಬಿಡಿಸುವುದರಲ್ಲೇ ಅವರ ಮಧ್ಯಾಹ್ನ ಕಳೆಯಿತು.

ನಾವು ಯಾರೂ ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಹಮದಸಾಬರ ಮುಖ ಸಣ್ಣದಾಗಿತ್ತು. "ನನ್ನ ಗಿರಣಿ ನಿಮ್ಮನ್ನ ಫೇಲ್ ಮಾಡ್ತಲ್ರಿ ಸರ," ಎಂದರು. "ಗಿರಣಿದೇನ ತಪ್ಪೈತ್ರಿ ಸಾಬ್ರ? ಕೈ ನಂದು," ಎಂದು ಸರ್ ನಕ್ಕರು. ನಂತರ ಅವರಲ್ಲಿ ಒಂದು ವಿಚಿತ್ರ ಉಪಕಾರ ಕೇಳಿದರು. ಇನ್ನು ಮುಂದೆ ಕರೆಂಟ್ ಇದ್ದಾಗಲೂ ಅವರು ಮನಸ್ಸಿಗೆ ಬಂದಾಗ ಗಿರಣಿ ನಿಲ್ಲಿಸಬೇಕು. ಸದ್ದು ಇಳಿದೊಡನೆ ಮೇಲಿದ್ದವರೆಲ್ಲ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬರೆದ ಸಾಲನ್ನು ಒಮ್ಮೆ ಬಾಯಿಬಿಟ್ಟು ಓದಿ, ಆಮೇಲೆ ಸೇವ್ ಮಾಡಬೇಕು. ಅಷ್ಟರೊಳಗೆ ನಿಜವಾಗಿಯೇ ಕರೆಂಟ್ ಹೋಗಿ ಕೆಲಸ ಅಳಿಸಿದರೆ ಮತ್ತೆ ಮೊದಲಿನಿಂದ ಕಟ್ಟಬೇಕು.

ಅಂದಿನಿಂದ ಜೋಳ ಬೀಸಿಸಲು ಬಂದವರ ಪಾಡು ಯಾರಿಗೂ ಬೇಡ. ನೆರೆಮನೆಯ ಅಕ್ಕವ್ವ ಒಮ್ಮೆ ಕೆಳಗೆ ಜೋರು ಮಾಡುತ್ತಿದ್ದುದು ನಮಗೆ ಮೇಲೆ ಕೇಳಿಸಿತು. "ಏನ್ ಸಾಬ್ರ, ಅರ್ಧಾ ಬೀಸಿ ಕೈ ಕಟ್ಟಿ ನಿಂತೀರಿ?" ಅಹಮದಸಾಬರು ಅಷ್ಟೇ ಗಂಭೀರವಾಗಿ, "ಮ್ಯಾಲ ಪರೀಕ್ಷಾ ನಡದೈತಿ ಬೇ, ತಡಿ," ಎಂದರು. ನಮ್ಮ ಕೈಗಳು ತೊಡೆಯ ಮೇಲಿದ್ದವು, ಹೊಟ್ಟೆ ಹಿಡಿದು ನಗಲು ಪುರಸತ್ತಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ನನ್ನ ಸರದಿ ಬಂತು. ಅದೇ ಕೇಂದ್ರ, ಅಂಥದೇ ಮಧ್ಯಾಹ್ನ. ಏಸಿ ನಿಂತಿತು. ನನ್ನ ಕೈಗಳು ತೊಡೆಯ ಮೇಲೆ ಬಂದವು. ತುಟಿ ಆಡಿಸುತ್ತ ಸಾಲು ಓದಿದೆ. ಒಂದು ಅಂಕಿ ತಪ್ಪಾಗಿತ್ತು. ತಿದ್ದಿದೆ, ಮತ್ತೆ ಓದಿದೆ, ಸೇವ್ ಮಾಡಿದೆ. ನಾನು ದೇವರ ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದ ಮೇಲ್ವಿಚಾರಕರು ನೀರು ಬೇಕೇ ಎಂದು ವಿಚಾರಿಸಿದರು. ಫಲಿತಾಂಶ ಬಂದೊಡನೆ ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನು ಹಚ್ಚಿ ಪಾಸಾದೆನೆಂದು ಹೇಳಿದೆ. ಅವರು ಶಾಬಾಸ್ ಎನ್ನಲಿಲ್ಲ. "ಏಸಿ ನಿಂತಿತ್ತೇನು?" ಎಂದು ಕೇಳಿದರು. ನಿಂತಿತ್ತೆಂದೆ. "ಕೈ ಎಲ್ಲಿದ್ವು?" "ತೊಡಿ ಮ್ಯಾಲರಿ ಸರ್." ಬೂತಿನ ಗಾಜಿಗೆ ಹಣೆ ಹಚ್ಚಿ ನಾನು ಅತ್ತೆ.

ಆ ವರ್ಷವೇ, ಮತ್ತೆ ಲಿಖಿತ ಬರೆದು, ಸರ್ ಎರಡನೆಯ ಸಲ ಹೋದರು. ಏಸಿ ನಿಂತಿತು. ಅವರ ಕೈ ಸೇವ್ ಮಾಡಿತು. ಈ ಸಲವೂ ಅವರು ಬಂದು ಎಲ್ಲವನ್ನೂ ತೋರಿಸಿದರು, ಕೊನೆಗೆ, "ನಂದು ರೇಡಿಯೊ ಕಾಲದ ಕೈ ಐತಿ. ನನ್ನ ಮಾತು ಕೇಳಂಗಿಲ್ಲ," ಎಂದಷ್ಟೇ ಹೇಳಿದರು. ಲಿಖಿತದ ಅವಧಿ ಮುಗಿಯಿತು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅವರ ಮಾಳಿಗೆಯಿಂದ ಹೋದವರು ಒಬ್ಬೊಬ್ಬರಾಗಿ ಪಾಸಾಗಿ ಬರುತ್ತಿದ್ದರು. ಪ್ರತಿಯೊಬ್ಬರನ್ನೂ ಅವರು ಕೇಳುತ್ತಿದ್ದುದು ಕೈಯ ಸುದ್ದಿಯನ್ನೇ. ಒಮ್ಮೆ ವಿಭಾಗದ ಸಭೆಯಲ್ಲಿ, ಹೆಸರು ಹೇಳಬಾರದ ಮಹನೀಯರೊಬ್ಬರು, "ತಾವ ಪಾಸಾಗದ ಪರೀಕ್ಷಾಕ್ಕ ಹುಡುಗರನ್ನ ಹ್ಯಾಂಗ ತಯಾರ್ ಮಾಡ್ತೀರಿ?" ಎಂದು ಎಲ್ಲರೆದುರು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಿದ್ದೆ ಕೂಡ. ಸರ್ ನನಗೆ ಕೂಡ್ರಲು ಸನ್ನೆ ಮಾಡಿ, "ನನಗೂ ಅದ ತಿಳೀವಲ್ದ್ರಿ," ಎಂದರು. ಸಭೆ ನಕ್ಕಿತು. ಅವರು ತಮಾಷೆಗೆ ಹೇಳಿದ್ದಲ್ಲವೆಂದು ನನಗೆ ಗೊತ್ತಿತ್ತು. ಅದು ಅವರು ಎಂದೋ ತಮಗೇ ಹಾಕಿಕೊಂಡಿದ್ದ ಪ್ರಶ್ನೆ.

ಈಗ ಆ ಗಿರಣಿಯಿಲ್ಲ. ಅಹಮದಸಾಬರ ಮಕ್ಕಳು ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಈ ಲೇಖನಕ್ಕೆ ಇಸವಿ, ತಾರೀಖು ಕೇಳಿಕೊಳ್ಳಲು ಕಳೆದ ತಿಂಗಳು ನಾನು ಸರ್ ಮನೆಗೆ ಹೋದೆ. ಅವರು ಕಂಪ್ಯೂಟರಿನ ಮುಂದೆ ಕುಳಿತು ಏನೋ ಬರೆಯುತ್ತ ನನ್ನ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಒಳಗೆ ಅವರ ಮನೆಯವರು, ದ್ರಾಕ್ಷಾಯಿಣಿ ಅಮ್ಮನವರು, ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡುತ್ತಿದ್ದರು. ಮಿಕ್ಸರು ನಡುವೆಯೇ ಗಪ್ಪನೆ ನಿಂತಿತು. ಸರ್ ಕೈಗಳು ಕೀಲಿಮಣೆಯಿಂದ ತೊಡೆಯ ಮೇಲೆ ಇಳಿದವು. ತುಟಿ ಅಲ್ಲಾಡಿತು. ಸ್ವಲ್ಪ ಹೊತ್ತಿಗೆ ಮಿಕ್ಸರು ಮತ್ತೆ ಶುರುವಾಯಿತು, ಮತ್ತೆ ನಿಂತಿತು, ಕೈಗಳು ಮತ್ತೆ ಇಳಿದವು. ನಾನು ಬರೆಯುವುದನ್ನು ಬಿಟ್ಟು ಅಡುಗೆಮನೆಯ ಬಾಗಿಲಿನತ್ತ ನೋಡಿದೆ.

"ನನ್ನ ಕೇಳಬ್ಯಾಡವ್ವ, ಅವರನ್ನ ಕೇಳು," ಎಂದರು ಅಮ್ಮನವರು. "ಈ ಮನ್ಯಾಗ ಚಟ್ನಿ ಒಂದ ಸಲಕ್ಕ ಸಣ್ಣಾಗಿ ಎಷ್ಟ ದಿನಾ ಆತೋ."

ಸರ್ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಕನ್ನಡಕ ಒರೆಸಿಕೊಂಡರು. "ಲಿಖಿತ ಮತ್ತ ಆಗೇತಿ. ನಿವೃತ್ತಿ ಆದ ಮರು ತಿಂಗಳಿಗೆ ತಾರೀಖ ಸಿಕ್ಕೇತಿ. ಯಾರ ಮುಂದೂ ಹೇಳಬ್ಯಾಡ ರೇಣವ್ವ."

ಸರ್, ನಿಮ್ಮ ಮಾತನ್ನು ನಾನು ಮೀರಿದ್ದು ಇದೊಂದೇ ಸಲ. ಎರಡು ಬಾರಿ ಸೋತು ಬಂದು ಎರಡೂ ಸೋಲನ್ನು ನಮ್ಮೆದುರು ಬಿಚ್ಚಿಟ್ಟವರು, ಮತ್ತೆ ಹೊರಟ ಸುದ್ದಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ಸಂಪುಟ ಕೈಸೇರಿದ ಮೇಲೆ ಎಷ್ಟು ಬೇಕಾದರೂ ಬೈಯಿರಿ.

ಇಂಥ ಬರಹದ ಕೊನೆಗೆ ಹಾರೈಕೆ ಇರಬೇಕು. ಸರ್‌ಗೆ ದೀರ್ಘ ಆಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ, ದ್ರಾಕ್ಷಾಯಿಣಿ ಅಮ್ಮನವರ ಚಟ್ನಿ ಬೇಗ ಮೊದಲಿನಂತಾಗಲಿ, ಇನ್ನೊಂದು ಮಾಳಿಗೆಯಲ್ಲಿ ಇನ್ನಷ್ಟು ಮಕ್ಕಳಿಗೆ ಅವರ ಪಾಠ ಸಿಗಲಿ. ಪರೀಕ್ಷೆಯ ದಿನ ಏಸಿ ನಿಲ್ಲದಿರಲಿ ಎಂದು ಮಾತ್ರ ನಾನು ಹಾರೈಸುವುದಿಲ್ಲ. ಅದು ನಿಲ್ಲಲಿ. ಸಂಜೆ ಸರ್ ಫೋನಿನ ಹತ್ತಿರವೇ ಇರಬೇಕು. ಪಾಸೋ ಫೇಲೋ ಎಂದು ನಾನು ಕೇಳುವುದಿಲ್ಲ, ಕೈ ಎಲ್ಲಿದ್ದುವು ಎಂದು ಕೇಳುತ್ತೇನೆ.