ಲೋಟದಕ್ಕ ಮತ್ತು ನೂರಾಹದಿನೇಳನೆಯವನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎದ್ದುನಿಂತ ನಾಲ್ಕಂತಸ್ತಿನ ಕಟ್ಟಡದ ಮುಂದೆ, ಮರಳುಗುಡ್ಡೆಯ ಪಕ್ಕ, ಐವತ್ತಾರು ದಾಟಿದ ಹೆಂಗಸೊಬ್ಬರು ಕೈಚೀಲವನ್ನು ಎದೆಗವುಚಿಕೊಂಡು ನಿಂತಿದ್ದಾರೆ. ಚೀಲದಲ್ಲಿ ಗೀಟು ಹಾಕಿದ ಉದ್ದನೆಯ ಗಾಜಿನ ಅಳತೆಪಾತ್ರೆ, ಒರೆಸುವ ಬಟ್ಟೆ, ರಟ್ಟು ಸವೆದ ಪುಸ್ತಕ. ಕೆಲಸಕ್ಕೆ ಬರುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ. ಅವರು ಹುಡುಕುತ್ತಿರುವುದು ಪುಸ್ತಕದ ನೂರಾಹದಿನೇಳನೆಯವನನ್ನು. ಗಾರೆ ಕೆಲಸದವನು. ನಾಲ್ಕು ತಿಂಗಳಿಂದ ಪತ್ತೆಯಿಲ್ಲ. ನಾಳೆ ಸಂಜೆ ಈ ವರ್ಷದ ಪುಸ್ತಕ ಮುಚ್ಚುತ್ತದೆ.

ಬೀದಿಬೀದಿಗಳಲ್ಲಿ ಇವರಿಗೆ ಲೋಟದಕ್ಕ ಎಂದೇ ಹೆಸರು. ಕುಡಿತ ಮನುಷ್ಯನನ್ನು ವರ್ಷದಿಂದ ವರ್ಷಕ್ಕೆ ಎಲ್ಲಿಗೆ ಒಯ್ಯುತ್ತದೆ ಎಂದು ತಿಳಿಯಲು ಆಸ್ಪತ್ರೆಯೊಂದು ಹದಿನಾರು ವರ್ಷಗಳಿಂದ ಮುನ್ನೂರ ಹನ್ನೆರಡು ಜನರ ಬೆನ್ನು ಬಿಡದೆ ಸಂಶೋಧನೆ ನಡೆಸುತ್ತಿದೆ. ವರ್ಷಕ್ಕೊಮ್ಮೆ ಅವರಷ್ಟೂ ಜನರನ್ನು ಹುಡುಕಿ, ಎದುರು ಕೂತು, ಅವವೇ ಪ್ರಶ್ನೆಗಳನ್ನು ಕೇಳುವುದು ಲೋಟದಕ್ಕನ ಕೆಲಸ. ದಿನಕ್ಕೆ ಆರೇಳು ಮನೆ, ಹತ್ತು ಹನ್ನೊಂದು ಕಿಲೋಮೀಟರ್ ನಡಿಗೆ. ಐವತ್ತೆಂಟು ಜನ ತೀರಿಕೊಂಡಿದ್ದಾರೆ. ಅಷ್ಟೂ ಮನೆಗಳಿಗೆ ಅಕ್ಕ ಹೋಗಿ ಸಾವಿನ ದಿನಾಂಕ ಬರೆದುಕೊಂಡಿದ್ದಾರೆ. ನಲವತ್ತೊಂದು ಜನ ಕುಡಿತ ಬಿಟ್ಟಿದ್ದಾರೆ. ನಾಪತ್ತೆ ಎಂಬ ಕಾಲಂನಲ್ಲಿ ಹದಿನಾರು ವರ್ಷವೂ ಸೊನ್ನೆ.

ಇದಕ್ಕೂ ಮೊದಲು ಅವರು ಮನೆಮನೆಯ ನೀರಿನ ಮೀಟರ್ ಓದುತ್ತಿದ್ದರು. ಗಂಡ ತೀರಿಹೋಗಿ, ಎರಡು ಹೆಣ್ಣುಮಕ್ಕಳನ್ನು ಸಾಕುವುದಕ್ಕೆ ಆ ಕೆಲಸ ಸಾಲದೆ ಇಲ್ಲಿಗೆ ಬಂದರು. "ಅಳತೆ ಅಮ್ಮನ ರಕ್ತದಲ್ಲೇ ಇದೆ. ನಮ್ಮನೇಲಿ ಹಾಲಿಗೂ ಗೀಟೇ!" ಎಂದು ದೊಡ್ಡ ಮಗಳು ಛೇಡಿಸುತ್ತಾಳೆ.

ಆದರೆ ಈ ಅಳತೆ ಹುಟ್ಟಿದ್ದು ಒಂದು ತಪ್ಪಿನಿಂದ. ಮೊದಲ ವರ್ಷ ದಿನಕ್ಕೆಷ್ಟು ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು: ಒಂದು ಲೋಟ. ಅಕ್ಕ ನಂಬಿ ಬರೆದುಕೊಂಡರು. ತೊಂಬತ್ನಾಲ್ಕು ಮನೆ ಮುಗಿದಿತ್ತು. ಬಡಗಿಯೊಬ್ಬನ ಮನೆಯಲ್ಲಿ ಅವನ ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ನನ್ನಳಿಯ ಸುಳ್ಳು ಹೇಳಲ್ಲಮ್ಮ, ಒಂದೇ ಲೋಟ. ಆದ್ರೆ ಆ ಲೋಟ ನೋಡಿದ್ಯಾ ನೀನು?" ಎಂದು ಒಳಗಿಂದ ತಂದಿಟ್ಟದ್ದು ಚೊಂಬಿನ ಅಣ್ಣನಂಥದ್ದು!

"ಅಷ್ಟು ಮನೇಲೂ ಒಂದು, ಒಂದು ಅಂತ ಬರ್ಕೊಂಡಿದ್ದೀನಿ. ಯಾವ ಒಂದು? ಯಾರ ಒಂದು?" ಎನ್ನುತ್ತಾರೆ ಅಕ್ಕ. ಮಾರನೆಯ ದಿನವೇ ಸಂಶೋಧನೆ ನಡೆಸುವ ಡಾಕ್ಟರಮ್ಮನ ಮುಂದೆ ತಪ್ಪು ಒಪ್ಪಿಕೊಂಡು, ತೊಂಬತ್ನಾಲ್ಕು ಮನೆಗಳನ್ನೂ ಮತ್ತೆ ತುಳಿದರು. ಅಂದಿನಿಂದ ಒಂದೇ ಕ್ರಮ. ಅವರವರ ಲೋಟ ಅವರೇ ತರಬೇಕು, ದಿನಾ ಎಷ್ಟು ಬಗ್ಗಿಸಿಕೊಳ್ಳುತ್ತಾರೋ ಅಷ್ಟು ನೀರು ಬಗ್ಗಿಸಬೇಕು. ಅಕ್ಕ ಅದನ್ನು ಅಳತೆಪಾತ್ರೆಗೆ ಸುರಿದು ಬರೆದುಕೊಳ್ಳುತ್ತಾರೆ. ಬಾಯಿ ಹೇಗಾದರೂ ತಿರುಗುತ್ತದೆ. ವರ್ಷಗಟ್ಟಲೆ ಬಗ್ಗಿಸಿದ ಕೈ ತನ್ನ ಗುರುತಿಗೇ ಬಂದು ನಿಲ್ಲುತ್ತದೆ. ಅಚ್ಚಾದ ವರದಿಯಲ್ಲಿ ಇದಕ್ಕೆ ಸಿಕ್ಕಿರುವುದು ಒಂದೇ ಸಾಲು: 'ಅವರವರ ಲೋಟದಲ್ಲೇ ಅಳೆಯಲಾಯಿತು.' ಅಳೆದವರು ಯಾರೆಂದು ಇಲ್ಲ.

ಇನ್ನೊಂದು ಕಟ್ಟುನಿಟ್ಟು: ಬುದ್ಧಿ ಹೇಳುವಂತಿಲ್ಲ. "ಈ ವರ್ಷ ಬೈದ್ರೆ ಮುಂದಿನ ವರ್ಷ ಸುಳ್ಳು ಸುರೀತಾರೆ. ಕೇಳಿದ್ರೆ ಮಾತ್ರ ಕುಡಿತ ಬಿಡಿಸೋ ವಾರ್ಡಿನ ಚೀಟಿ ಕೊಡ್ತೀನಿ. ನಾನಾಗಿ ಕೊಡಲ್ಲ," ಎನ್ನುತ್ತಾರೆ. ಕಣ್ಣೆದುರೇ ಒಬ್ಬ ಕರಗುತ್ತಿದ್ದರೂ ಪೆನ್ನು ಹಿಡಿದು ಸುಮ್ಮನೆ ಕೂರುವುದು ಸುಲಭವೇ?

ಗಾರೆಯವನು ಸತತ ಎರಡು ವರ್ಷ ಸೊನ್ನೆ ಬರೆಸಿದ್ದ. ಈ ಸಲ ಮನೆಗೆ ಹೋದರೆ ಅವನ ತಂಗಿ, "ಅಣ್ಣ ಊರಲ್ಲೇ ಇಲ್ಲ," ಎಂದು ನೆಲ ನೋಡಿದಳು. ಬಾಗಿಲ ಬಳಿಯ ಗಂಡಸರ ಚಪ್ಪಲಿಗೆ ಹಸಿ ಸಿಮೆಂಟ್ ಮೆತ್ತಿತ್ತು. ಅಕ್ಕನಿಗೆ ಅಷ್ಟೇ ಸಾಕಾಯಿತು. ಗಾರೆಯವರನ್ನು ಒಬ್ಬರಾದ ಮೇಲೊಬ್ಬರಂತೆ ವಿಚಾರಿಸುತ್ತಾ ಈ ಕಟ್ಟಡಕ್ಕೆ ಬಂದು ಮುಟ್ಟಿದ್ದಾರೆ. ಒಬ್ಬನಿಗಾಗಿ ಇಷ್ಟೇಕೆ ಎಂದರೆ ಡಾಕ್ಟರಮ್ಮ ಹೇಳುತ್ತಾರೆ: "ಮತ್ತೆ ಕುಡಿತಕ್ಕೆ ಬಿದ್ದವರೇ ಮುಖ ಮರೆಸ್ಕೊಳ್ಳೋದು. ಸಿಕ್ಕವರನ್ನ ಮಾತ್ರ ಎಣಿಸಿದ್ರೆ ಎಲ್ಲರೂ ಉದ್ಧಾರ ಆದ್ರು ಅಂತ ಕಾಣುತ್ತೆ. ನಮ್ಮ ಸಂಶೋಧನೆ ನಿಜ ಹೇಳ್ತಿದ್ರೆ ಅದು ಆಕೆಯ ಕಾಲಿನ ಪುಣ್ಯ."

ಆರೂವರೆ. ಕರಣೆ ಹಿಡಿದ ಮನುಷ್ಯನೊಬ್ಬ ತಿರುವಿನಲ್ಲಿ ಕಾಣಿಸಿ, ಅಕ್ಕನನ್ನು ಕಂಡು ಕಾಲು ನೆಟ್ಟಂತೆ ನಿಲ್ಲುತ್ತಾನೆ.

"ನಿಮ್ಮ ಕಣ್ಣಿಗೆ ಬೀಳಬಾರದು ಅಂತ್ಲೇ ಇಷ್ಟು ದೂರ ಬಂದೆ ಅಕ್ಕಾ."

"ಏನ್ ಮಹಾ ದೂರ, ಎರಡು ಬಸ್ಸು. ಲೋಟ ಎಲ್ಲಪ್ಪ?"

"ಎರಡು ವರ್ಷ ಸೊನ್ನೆ ಬರೆಸಿದ್ದೆ. ನಿಮ್ಮ ಪುಸ್ತಕ ಹಾಳು ಮಾಡ್ಬಿಟ್ಟೆ."

"ನೀನು ಕುಡಿದ್ರೆ ನನ್ನ ಪುಸ್ತಕ ಹಾಳಾಗಲ್ಲ ಕಣೋ. ಬಚ್ಚಿಟ್ಕೊಂಡ್ರೆ ಹಾಳಾಗುತ್ತೆ. ತಾ."

ಅವನು ಊಟದ ಚೀಲದ ತಳದಿಂದ ಲೋಟ ತೆಗೆಯುತ್ತಾನೆ. ಲೋಟದ ಕಡೆ ನೋಡದೆಯೇ ಡ್ರಮ್ಮಿನ ನೀರು ಬಗ್ಗಿಸುತ್ತಾನೆ. ಆದರೂ ನೀರು ಬಂದು ನಿಲ್ಲುವುದು ಅದರ ಜಾಗದಲ್ಲೇ. ಅಕ್ಕ ಅಳತೆಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ನೂರ ನಲವತ್ತು ಮಿಲಿ. ದಿನಕ್ಕೆ ಮೂರು ಸಲ. ಬರೆಯುತ್ತಾರೆ.

"ಬೈಯಲ್ವಾ?"

"ಅದಕ್ಕೆ ನಿನ್ನ ತಂಗಿ ಇದ್ದಾಳೆ. ನಂದು ಅಳೆಯೋ ಕೆಲಸ."

ಅವನು ನಗಲು ಹೋಗುತ್ತಾನೆ, ಆಗುವುದಿಲ್ಲ. ಕರಣೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತವನು ಕೊನೆಗೆ, "ಆ ಚೀಟಿ ಇನ್ನೂ ಕೊಡ್ತೀರಾ?" ಎನ್ನುತ್ತಾನೆ.

ಪುಸ್ತಕದ ನೂರಾಹದಿನೇಳನೆಯ ಪುಟದಲ್ಲೇ ಚೀಟಿ ಇದೆ. ನಾಲ್ಕು ಮಡಿಕೆಯಾಗಿ, ಅಂಚು ಹಳದಿಗಟ್ಟಿ. ಎಷ್ಟೋ ವರ್ಷದಿಂದ ಅಲ್ಲೇ ಇದ್ದದ್ದನ್ನು ಅಕ್ಕ ತೆಗೆದು ಅವನಿಗೆ ಕೊಡುತ್ತಾರೆ.

ನಿವೃತ್ತಿಗೆ ಇನ್ನೆರಡು ವರ್ಷ. ಆಸೆ ಏನಾದರೂ ಉಂಟೇ ಎಂದರೆ ಅಕ್ಕ ನಾಚುತ್ತಾರೆ. "ನನ್ನ ಹೆಸರು ಅಚ್ಚಾಗೋದೇನೂ ಬೇಡ. ಆ ನಾಪತ್ತೆ ಕಾಲಂ ಖಾಲಿಯಾಗೇ ಕೊಟ್ಟು ಹೋಗ್ಬೇಕು, ಅಷ್ಟೆ." ಲೋಟವನ್ನು ತೊಳೆದು, ಒರೆಸಿ, ಗಾರೆಯವನ ಕೈಗಿಡುತ್ತಾರೆ. "ಮುಂದಿನ ವರ್ಷವೂ ಇದೇ ಲೋಟ ಇರಲಿ. ಸೊನ್ನೆ ಆದ್ರೂ ಇದರಲ್ಲೇ ಅಳೀಬೇಕು ನಾನು."