ಬಯಲಿಗೆ ಹೋದ ಬೀರಪ್ಪ

ಚಿತ್ರದುರ್ಗ ದಾಟಿ ಎರಡು ಹರದಾರಿ ಹೋಗುವುದರೊಳಗೆ ಬೀರಪ್ಪನಿಗೆ ಹೊಟ್ಟೆ ಕೈಕೊಟ್ಟಿತು. ಶಿವಮೊಗ್ಗದಲ್ಲಿ ಬಾಡಿಗೆ ಕಾರು ಓಡಿಸುವ ಗೋವಿಂದಯ್ಯ ಗಾಡಿ ನಿಲ್ಲಿಸಿದರು. ಬೀರಪ್ಪ ಚೊಂಬು ಹಿಡಿದು ಇಳಿದ. ಇಳಿದವನು ಇಳಿದಲ್ಲೇ ನಿಂತ. ಕಣ್ಣು ಹಾಯುವಷ್ಟು ದೂರ ಒಂದು ಪೊದೆಯಿಲ್ಲ. ಬೋಳು ಗುಡ್ಡ, ಬೆಂದ ಮಣ್ಣು, ಅಲ್ಲಲ್ಲಿ ಮುಚ್ಚಿಹೋದ ಗಣಿಗಳು.

"ಹೋಗು ಮಾರಾಯ, ಇಡೀ ಸೀಮೆಯೇ ಬಯಲು!"

"ಅದೇ ತೊಂದ್ರೆ ಸ್ವಾಮಿ. ಬಯಲಿದೆ, ಮರೆ ಇಲ್ಲ."

ಭದ್ರಾವತಿಯ ಕಬ್ಬಿಣದ ಕುಲುಮೆಯ ಮುಂದೆ ಹಗಲೆಲ್ಲ ಬೇಯುವ ಬೀರಪ್ಪ ನಾಚಿಕೆಗೆ ಮಾತ್ರ ಮೇಣದಂತೆ ಕರಗುತ್ತಿದ್ದ. ಮರ, ಮರೆ, ಮರ್ಯಾದೆ ಮೂರೂ ಒಂದೇ ಬೇರಿನವು ಎಂಬುದು ಅವನ ವ್ಯಾಕರಣ. ಹೆಂಡತಿ ತೀರಿಕೊಂಡ ಮೇಲೆ ಅಕ್ಕ ವಿಶಾಲಮ್ಮ ತೋರಿಸಿದ ಹೆಣ್ಣುಗಳ ಮುಂದೆಲ್ಲ ನೆಲ ನೋಡುತ್ತ ಕೂತು ಎದ್ದುಬಂದಿದ್ದ. "ಇದೊಂದೂ ತಪ್ಪಿದ್ರೆ ನಿನ್ನ ಗಂಜಿ ನೀನೇ ಬೇಯಿಸ್ಕೊಂಡು ಸಾಯಿ" ಎಂದು ಅಕ್ಕ ಈ ಸಲ ಕಳಿಸಿದ್ದಳು. ಹೆಣ್ಣು, ಹಳೆ ಗಣಿಯ ಕಾವಲುಗಾರ ಮೂರ್ತಪ್ಪನ ಮಗಳು ಕಾಳಮ್ಮ. ಅವಳಿಗೂ ಗಂಡನಿಲ್ಲ, ಆಗಬೇಕಾದದ್ದು ಕೂಡಿಕೆ, ಎರಡನೆಯ ಮದುವೆ.

ಕೊನೆಗೆ ಗಣಿಯಿಂದ ತೋಡಿ ಸುರಿದಿದ್ದ ಮಣ್ಣಿನ ದಿಬ್ಬವೊಂದು ಸಿಕ್ಕಿತು. ಬೀರಪ್ಪ ಅದರ ಹಿಂದೆ ನೆಮ್ಮದಿಯಾಗಿ ಕೂತ. ದಿಬ್ಬದ ಆಚೆಗೆ ಹಳೆಯ ಗಣಿಗುಂಡಿ, ಗುಂಡಿಯಲ್ಲಿ ನೀರು, ಆ ನೀರಿಗೆ ಊರಿನ ಹೆಂಗಸರು ಬರುತ್ತಾರೆಂಬುದು ಅವನಿಗೇನು ಗೊತ್ತು? ತಲೆಯ ಮೇಲೆ ಕೊಡ ಹೊತ್ತ ಹೆಂಗಸೊಬ್ಬಳು ಗುಂಡಿಯಿಂದ ಹತ್ತಿ ಎದುರಿಗೇ ಬಂದಳು. ಬೀರಪ್ಪ ದಡಬಡಿಸಿ ಏಳಹೋದ.

"ಇರ್ಲಿ, ಏಳ್ಬ್ಯಾಡ್ರಿ. ಕುಂತ್ಕಳ್ರಿ," ಎಂದು, ಮನೆಗೆ ಬಂದ ನೆಂಟರಿಗೆ ಹೇಳುವಂತೆ ಹೇಳಿ, ಅವಳು ಮುಖ ತಿರುಗಿಸಿಕೊಂಡು ಹೋದಳು.

ಅವಳು ಮರೆಯಾದದ್ದೇ ಬೀರಪ್ಪ ಹೇಗೋ ಕಚ್ಚೆ ಸಿಕ್ಕಿಸಿಕೊಂಡು ಓಡಿದ. ಚೊಂಬು ಅಲ್ಲೇ ಉಳಿಯಿತು.

ಕಾರು ಮೂರ್ತಪ್ಪನ ಮನೆ ಮುಂದೆ ನಿಂತಾಗ ಬೀರಪ್ಪನ ಮೈಯೆಲ್ಲ ಬೆವರು, ಅಂಗಿಯೆಲ್ಲ ಕೆಂಧೂಳು.

"ಬರ್ರಿ, ಕುಂತ್ಕಳ್ರಿ," ಎಂದ ಮೂರ್ತಪ್ಪ. ಆ ಮಾತು ಕಿವಿಗೆ ಬಿದ್ದದ್ದೇ ಬೀರಪ್ಪ ಕಂಬ ಹಿಡಿದು ನಿಂತುಬಿಟ್ಟ. ಒಳಗಿನಿಂದ ಕಾಳಮ್ಮ ಬಂದಳು. ಅದೇ ಹೆಂಗಸು. ಕೈಯಲ್ಲಿ ತಿಕ್ಕಿ ತೊಳೆದ ಹಿತ್ತಾಳೆ ಚೊಂಬು. ಎಲ್ಲರ ಪಾತ್ರೆಯ ಮೇಲೂ ಇರುವಂತೆ ಅದರ ಕಂಠದ ಮೇಲೂ ಒಡೆಯನ ಹೆಸರು ಕೊರೆದಿತ್ತು.

ಮೂರ್ತಪ್ಪ ಅದನ್ನು ಇಸಿದುಕೊಂಡು ಜೋರಾಗಿ ಓದಿದ: "ಭದ್ರಾವತಿ ಬೀರಪ್ಪ! ಅಲೆಲೆ, ಇದು ನಿನ್ನ ಕೈಗೆ ಹೆಂಗೆ ಬಂತವ್ವಾ?"

ಬಯಲಿಗೆ ಹೋದವನು ಈಗ ಪೂರ್ತಿ ಬಯಲಾದ. ಗೋವಿಂದಯ್ಯ ಕೆಮ್ಮಿದರು. ಗಣಿ ಇರುವ ಊರು, ಭೂಮಿ ಬಾಯಿ ಬಿಟ್ಟೇ ಇದೆ, ತನ್ನನ್ನು ನುಂಗಲಿಕ್ಕೇನು ಧಾಡಿ ಅದಕ್ಕೆ ಎನ್ನಿಸಿತು ಬೀರಪ್ಪನಿಗೆ.

"ಎರಡ್ನೇ ಕೊಡಕ್ಕೆ ಹೋದಾಗ ದಾರಿಯಾಗೆ ಸಿಕ್ತಪ್ಪ," ಎಂದಳು ಕಾಳಮ್ಮ. ಆಮೇಲೆ ನೇರವಾಗಿ ಅವನ ಕಡೆ ತಿರುಗಿದಳು. "ನಾನು ಒಂದು ಮಾತು ಕೇಳ್ತೀನಿ. ಅದ್ರ ಮ್ಯಾಲೆ ನನ್ನ ಹೂಂ, ಇಲ್ಲಾಂದ್ರೆ ಊಹೂಂ. ಅಷ್ಟು ನಾಚಿಕೆ ಆಗಿದ್ರೆ ಹಂಗೇ ವಾಪಸ್ ಹೋಗ್ಬಹುದಿತ್ತು. ಆದ್ರೂ ಬಂದ್ರಲ್ಲ, ಯಾಕೆ?"

ಗೋವಿಂದಯ್ಯ ಕಣ್ಣಲ್ಲೇ ಹೇಳಿಕೊಟ್ಟರು: ಏನಾದರೂ ಒಳ್ಳೆಯ ಮಾತಾಡು ಮಾರಾಯ.

ಬೀರಪ್ಪ ಮೊದಲ ಸಲ ನೆಲದಿಂದ ಕಣ್ಣೆತ್ತಿದ.

"ಹೋಗೋಣ ಅಂತ್ಲೇ ಹೊರಟಿದ್ದೆ. ಕಾರು ಸ್ಟಾರ್ಟ್ ಆಗ್ಲಿಲ್ಲ. ತಳ್ಳೋಣ ಅಂದ್ರೆ ಇಳಿಜಾರು ಇದ್ದಿದ್ದು ನಿಮ್ಮೂರ ಕಡೀಗೆ."